ಉಳಿಸಿ ತಂದ ಕಾರುಗಳು

ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯಕ್ಕೆ ಒಂದು ಉದಾಹರಣೆ ಬೇಕಿತ್ತು. ಬೆಲೆ ಕಟ್ಟಬಹುದಾದದ್ದು ಯಾವುದು, ಕಟ್ಟಲಾಗದ್ದು ಯಾವುದು ಎಂಬ ಹಳೆಯ ಪ್ರಶ್ನೆಯ ಅಧ್ಯಾಯ ಅದು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ‘ಕೂಗರ್ ಏಸ್’ ಎಂಬ ಹಡಗು. ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗೋಣ ಅಂದುಕೊಂಡಿದ್ದೆ. ಆಗಲಿಲ್ಲ.

ಕಾರು ಸಾಗಿಸುವ ಹಡಗು ಎಂದರೆ ಹೆಚ್ಚುಕಡಿಮೆ ನೀರಿನ ಮೇಲೆ ತೇಲುವ ಬಹುಮಹಡಿ ಪಾರ್ಕಿಂಗ್ ಕಟ್ಟಡ. ಕೂಗರ್ ಏಸ್ ಸುಮಾರು 200 ಮೀಟರ್ ಉದ್ದವಿತ್ತು. 2006ರ ಜುಲೈನಲ್ಲಿ ಅದು ಜಪಾನಿನಿಂದ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಟಾಗ ಒಳಗೆ 4,703 ಹೊಸ ಮಾಜ್ದಾ ಕಾರುಗಳಿದ್ದವು, ಜತೆಗೆ ನೂರರಷ್ಟು ಇಸುಝು ಟ್ರಕ್ಕುಗಳು. ಒಂದೊಂದನ್ನೂ ಪಟ್ಟಿ ಹಾಕಿ ಡೆಕ್ಕಿಗೆ ಬಿಗಿದಿದ್ದರು. ಇಂಥ ಹಡಗಿನ ಬಹುಪಾಲು ನೀರಿನ ಮೇಲೆಯೇ ಇರುತ್ತದೆ. ನೆಟ್ಟಗೆ ನಿಲ್ಲಲು ತಳದಲ್ಲಿ ಭಾರ ಬೇಕು. ಅದಕ್ಕಾಗಿ ಕೆಳಗಿನ ಟ್ಯಾಂಕುಗಳಿಗೆ ಸಮುದ್ರದ ನೀರನ್ನೇ ತುಂಬುತ್ತಾರೆ. ಇದನ್ನು ಬ್ಯಾಲಾಸ್ಟ್ ನೀರು ಎನ್ನುತ್ತಾರೆ. ಆದರೆ ಒಂದು ದೇಶದ ಬಂದರಿನಲ್ಲಿ ತುಂಬಿಕೊಂಡ ನೀರನ್ನು ಇನ್ನೊಂದು ದೇಶದ ಬಂದರಿನಲ್ಲಿ ಚೆಲ್ಲಿದರೆ ಅದರೊಂದಿಗೆ ಅಲ್ಲಿಯ ಪಾಚಿ, ಏಡಿಮರಿ, ಚಿಪ್ಪುಜೀವಿಗಳೂ ಇಳಿದು ಹೊಸ ನೀರಿನಲ್ಲಿ ಹಾವಳಿ ಎಬ್ಬಿಸುತ್ತವೆ. ಹಾಗಾಗಿ ಆಗ ನಡುಗಡಲಿನಲ್ಲೇ ಹಳೆಯ ನೀರು ಹೊರಹಾಕಿ ಹೊಸದನ್ನು ತುಂಬಿಕೊಳ್ಳಬೇಕಿತ್ತು.

ಜುಲೈ 23ರಂದು, ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ದಕ್ಷಿಣಕ್ಕೆ, ಈ ಕೆಲಸ ನಡೆಯುತ್ತಿದ್ದಾಗಲೇ ಹಡಗು ಎಡಕ್ಕೆ ವಾಲಿತು. ಸುಮಾರು 60 ಡಿಗ್ರಿ. ಪೂರ್ತಿ ಮಗುಚಲಿಲ್ಲ, ಮುಳುಗಲೂ ಇಲ್ಲ. ಪಕ್ಕಕ್ಕೆ ಒರಗಿ ತೇಲುತ್ತಾ ಉಳಿಯಿತು. ಯಾವುದೋ ಕಡಲಿನ ಹುಳಹುಪ್ಪಟೆಗೆ ತೊಂದರೆಯಾಗದಿರಲಿ ಎಂದು ಮಾಡಿದ ಕೆಲಸದಲ್ಲಿ ಇದಾಯಿತಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ನಿಜ. ಹಡಗಿನಲ್ಲಿದ್ದ 23 ಮಂದಿಯನ್ನೂ ಅಮೆರಿಕದ ಕೋಸ್ಟ್ ಗಾರ್ಡ್ ಮತ್ತು ಅಲಾಸ್ಕಾದ ಏರ್ ನ್ಯಾಷನಲ್ ಗಾರ್ಡ್‌ನವರು ಹೆಲಿಕಾಪ್ಟರಿನಲ್ಲಿ ಮೇಲೆತ್ತಿದರು. ಎಲ್ಲರೂ ಬದುಕಿದರು.

ನನ್ನ ಅಧ್ಯಾಯಕ್ಕೆ ಬೇಕಾದದ್ದು ಶುರುವಾಗುವುದು ಇಲ್ಲಿಂದ. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ಸೊತ್ತನ್ನು ಉಳಿಸಿಕೊಟ್ಟವರಿಗೆ ಸಂಭಾವನೆ ಉಂಟು. ಉಳಿಸಲಾಗದಿದ್ದರೆ ಸಾಮಾನ್ಯವಾಗಿ ಏನೂ ಇಲ್ಲ. ಆ ಸಂಭಾವನೆ ಉಳಿಸಿದ ಸೊತ್ತಿನ ಬೆಲೆಯನ್ನು ಮೀರುವಂತಿಲ್ಲ. ಆದರೆ ಮನುಷ್ಯನ ಜೀವ ಉಳಿಸಿದರೆ? 1989ರ ಅಂತಾರಾಷ್ಟ್ರೀಯ ಸಾಲ್ವೇಜ್ ಒಪ್ಪಂದದ 16ನೇ ವಿಧಿಯ ಪ್ರಕಾರ, ಬದುಕಿ ಬಂದವರು ಏನನ್ನೂ ಕೊಡಬೇಕಾಗಿಲ್ಲ. ಅದೇ ಅವಘಡದಲ್ಲಿ ಬೇರೆಯವರು ಸೊತ್ತನ್ನೂ ಉಳಿಸಿದ್ದರೆ, ಜೀವ ಉಳಿಸಿದವರಿಗೆ ಆ ಸಂಭಾವನೆಯಲ್ಲಿ ಒಂದು ಪಾಲು ಸಿಗಬಹುದು. ಅಷ್ಟೇ.

ಇದನ್ನು ಎರಡು ರೀತಿ ಓದಬಹುದು. ಕಾರಿಗೆ ಕೊಡುವ ಮರ್ಯಾದೆ ಮನುಷ್ಯನಿಗಿಲ್ಲ ಎಂದು ಸಿಟ್ಟಾಗಬಹುದು. ಅಥವಾ, ಮನುಷ್ಯನ ಜೀವ ಲೆಕ್ಕದ ಪುಸ್ತಕಕ್ಕೆ ಸೇರುವಂಥದ್ದಲ್ಲ, ಆದ್ದರಿಂದಲೇ ಕಾನೂನು ಅದನ್ನು ಹೊರಗಿಟ್ಟಿದೆ ಎನ್ನಬಹುದು. 1785ರಲ್ಲಿ ಕಾಂಟ್ ಬೆಲೆ ಮತ್ತು ಘನತೆಗಳನ್ನು ಬೇರೆ ಮಾಡಿದ್ದೂ ಹೀಗೆಯೇ: ಯಾವುದರ ಜಾಗದಲ್ಲಿ ಅದಕ್ಕೆ ಸಮನಾದ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆ, ಹಾಗೆ ಇಡಲಾಗದ್ದಕ್ಕೆ ಘನತೆ. ನಾನು ಎರಡನೇ ಓದಿನ ಪರ.

ಮಾಲೀಕರ ಪರವಾಗಿ ಹಡಗನ್ನು ಉಳಿಸಲು ಬಂದದ್ದು ಟೈಟನ್ ಸಾಲ್ವೇಜ್ ಕಂಪನಿಯ ತಂಡ. ಅದರಲ್ಲೊಬ್ಬರು ನೌಕಾ ವಿನ್ಯಾಸಕಾರರು. ಯಾವ ಟ್ಯಾಂಕಿನಿಂದ ಎಷ್ಟು ನೀರು ತೆಗೆದು ಎಲ್ಲಿಗೆ ಹಾಕಿದರೆ ಹಡಗು ಮುಳುಗದೆ ಎದ್ದು ನಿಲ್ಲುತ್ತದೆ ಎಂಬ ಲೆಕ್ಕ ಅವರದು. ಒಳಗಿನ ಸ್ಥಿತಿ ನೋಡಲೆಂದು ಉಳಿದವರ ಜತೆ ಅವರೂ ಹಡಗಿಗೆ ಇಳಿದರು. ಕಡಿದಾಗಿ ವಾಲಿದ್ದ ಡೆಕ್ಕಿನ ಮೇಲೆ ಜಾರಿ ಬಿದ್ದು ತೀರಿಕೊಂಡರು.

ತಂಡ ಕೆಲಸ ಮುಂದುವರಿಸಿತು. ಆಗಸ್ಟ್‌ನಲ್ಲಿ ಹಡಗು ನೆಟ್ಟಗಾಯಿತು. ಸೆಪ್ಟೆಂಬರ್‌ನಲ್ಲಿ ಎಳೆದುಕೊಂಡು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ತಂದರು. ಬಾಗಿಲು ತೆಗೆದು ನೋಡಿದರೆ ಹೆಚ್ಚಿನ ಕಾರುಗಳು ಕಟ್ಟಿದಲ್ಲೇ ಇದ್ದವು, ಹೊರನೋಟಕ್ಕೆ ಏನೂ ಆಗಿರಲಿಲ್ಲ. ಡಿಸೆಂಬರ್‌ನಲ್ಲಿ ಮಾಜ್ದಾ ಪ್ರಕಟಿಸಿತು: ಒಂದನ್ನೂ ಮಾರುವುದಿಲ್ಲ. 4,703 ಕಾರುಗಳೂ ಗುಜರಿಗೆ. ಅಗ್ನಿಶಾಮಕರ ತರಬೇತಿಗೆ, ಶಾಲೆಗಳಲ್ಲಿ ಮೆಕ್ಯಾನಿಕ್ ಕಲಿಸುವುದಕ್ಕೆ, ಸಿನಿಮಾದ ಸಾಹಸ ದೃಶ್ಯಗಳಿಗೆ ಕೊಡಿ ಎಂದು ಕೇಳಿದವರಿದ್ದರು. ಯಾರಿಗೂ ಕೊಡಲಿಲ್ಲ.

ಇಲ್ಲಿಗೆ ಬಂದಾಗ ನಾನು ಅಧ್ಯಾಯದ ಕರಡಿನಲ್ಲಿ ಬರೆದ ವಾಕ್ಯ ಹೀಗಿತ್ತು: ‘ಯಾವ ಸೊತ್ತಿಗಾಗಿ ಒಬ್ಬ ಮನುಷ್ಯ ಸತ್ತನೋ ಆ ಸೊತ್ತನ್ನು ಅದರ ಒಡೆಯರೇ ಪುಡಿ ಮಾಡಿದರು, ಆ ಸಾವು ವ್ಯರ್ಥವಾಯಿತು.’ ಓದಲು ಚೆನ್ನಾಗಿತ್ತು. ಹಾಸ್ಟೆಲಿನ ಪಕ್ಕದ ರೂಮಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಸಂಶೋಧನೆ ಮಾಡುವ ಗೆಳೆಯನಿಗೆ ಓದಿ ಹೇಳಿದೆ. ಅವನು ಕಂಪನಿಯ ಪರ ನಿಂತ.

‘ಮೂರು ವಾರ ಕಾರು ಅಡ್ಡ ಬಿದ್ದಿದೆ ಮಾರಾಯ. ಬ್ಯಾಟರಿಯ ಆ್ಯಸಿಡ್ ಎಲ್ಲಿಗೆ ಹರಿದಿದೆ, ಯಾವ ವೈರು ತಿಂದಿದೆ ಅಂತ ಗ್ಯಾರಂಟಿ ಯಾರು ಕೊಡ್ತಾರೆ? ಇವತ್ತು ಓಡುತ್ತೆ. ಐದು ವರ್ಷ ಬಿಟ್ಟು, ಹಡಗಿನ ಕತೆಯೇ ಗೊತ್ತಿಲ್ಲದ ಮೂರನೇ ಓನರ್ ಕೈಯಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದಿದ್ರೆ?’

ಕಂಪನಿ ಹೇಳಿದ್ದೂ ಬಹುತೇಕ ಇದನ್ನೇ. ಹೆಸರು ಕೆಡುವ ಭಯ ಇರಲಿಲ್ಲವೆಂದಲ್ಲ. ಆದರೆ ಆ ಮೂರನೇ ಓನರ್ ನನ್ನನ್ನು ಬಿಡಲಿಲ್ಲ. ಅವನಿಗೂ ಒಂದು ಜೀವವಿದೆ.

ಇನ್ನೊಂದು ತಪ್ಪೂ ಸಿಕ್ಕಿತು. ಆ ವಿನ್ಯಾಸಕಾರರು ಸತ್ತದ್ದು ಕಾರುಗಳಿಗಾಗಿ ಎಂದು ನನಗೆ ಹೇಳಿದವರು ಯಾರು? ಹಡಗಿನ ಹೊಟ್ಟೆಯಲ್ಲಿ ಇಂಧನ ತೈಲವೂ ಇತ್ತು. ಅದೇ ದ್ವೀಪಸಾಲಿನ ಉನಲಾಸ್ಕಾ ದ್ವೀಪದ ಬಳಿ 2004ರ ಡಿಸೆಂಬರ್‌ನಲ್ಲಿ ‘ಸೆಲೆಂಡಾಂಗ್ ಆಯು’ ಎಂಬ ಹಡಗು ಎರಡು ಹೋಳಾಗಿ ತೈಲ ದಡಕ್ಕೆ ಹರಿದಿತ್ತು. ರಕ್ಷಣೆಗೆ ಬಂದ ಹೆಲಿಕಾಪ್ಟರ್ ಬಿದ್ದು ಆರು ನಾವಿಕರು ಸತ್ತಿದ್ದರು. ಕೂಗರ್ ಏಸ್ ಮುಳುಗದಂತೆ ನೋಡಿಕೊಳ್ಳುವುದೆಂದರೆ ಆ ತೈಲ ಕಡಲಿಗೆ ಸೇರದಂತೆ ನೋಡಿಕೊಳ್ಳುವುದೂ ಆಗಿತ್ತು.

ಆದರೂ ನನ್ನ ವಾಕ್ಯದ ನಿಜವಾದ ತೊಡಕು ಇದಾವುದೂ ಅಲ್ಲ. ಒಂದು ರಾತ್ರಿ ಹೀಗೆ ಯೋಚಿಸಿದೆ: ಆ 4,703 ಕಾರುಗಳೂ ಮಾರಾಟವಾಗಿ ರಸ್ತೆಯಲ್ಲಿ ಓಡಾಡಿದ್ದವು ಎಂದಿಟ್ಟುಕೊಳ್ಳೋಣ. ಆಗ ಆ ಸಾವು ಸಾರ್ಥಕವಾಗುತ್ತಿತ್ತೇ? ಅವರ ಮನೆಯವರಿಗೆ ಯಾರಾದರೂ ಹೋಗಿ, ನೋಡಿ, ಎಲ್ಲವೂ ಒಳ್ಳೆಯ ರೇಟಿಗೆ ಹೋದವು ಎಂದು ಹೇಳಬಹುದಿತ್ತೇ? ಕೇಳಿಕೊಂಡಾಗಲೇ ನಾಚಿಕೆಯಾಯಿತು. ‘ವ್ಯರ್ಥ’ ಎಂದು ಬರೆಯುವಾಗ ನಾನು ತಕ್ಕಡಿಯ ಒಂದು ಕಡೆ ಅವರನ್ನೂ ಇನ್ನೊಂದು ಕಡೆ ಕಾರುಗಳನ್ನೂ ಇಟ್ಟಿದ್ದೆ. ಕಾರು ಪುಡಿಯಾದದ್ದಕ್ಕೆ ತಕ್ಕಡಿ ವಾಲಿತೆಂದು ದೂರುತ್ತಿದ್ದೆ. ಹದಿನಾರನೇ ವಿಧಿಯನ್ನು ಕಾಂಟ್‌ನ ಮೂಲಕ ಮೆಚ್ಚಿ ಎರಡು ಪುಟ ಬರೆದವನು, ಮೂರನೇ ಪುಟದಲ್ಲಿ ಒಬ್ಬ ಮನುಷ್ಯನಿಗೆ ಮಾಜ್ದಾ ಕಾರುಗಳಲ್ಲಿ ಬೆಲೆ ಕಟ್ಟುತ್ತಿದ್ದೆ.

ಆ ವಾಕ್ಯ ಹೊಡೆದುಹಾಕಿದೆ. ಕಾರುಗಳನ್ನು ನಾಶ ಮಾಡಿದ್ದು ಸರಿಯೇ ತಪ್ಪೇ ಎಂಬುದು ಬೇರೆಯೇ ಪ್ರಶ್ನೆ. ಅಷ್ಟು ಉಕ್ಕು, ರಬ್ಬರು, ಅಷ್ಟು ಜನರ ದುಡಿಮೆ ಹೀಗೆ ಹೋಗಬೇಕಿತ್ತೇ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ತರಬೇತಿಗೆ ಕೇಳಿದವರಿಗೆ ಕೊಡಬಹುದಿತ್ತು, ಅವನ್ನು ರಸ್ತೆಗೆ ಇಳಿಸುವವರು ಅವರಲ್ಲ. ಗೆಳೆಯ ಇದನ್ನೂ ಒಪ್ಪುವುದಿಲ್ಲ. ಆ ಜಗಳ ಮುಗಿದಿಲ್ಲ. ಆದರೆ ಅದರೊಳಕ್ಕೆ ಸತ್ತವರನ್ನು ಸಾಕ್ಷಿಗೆ ಕರೆಯುವುದನ್ನು ನಿಲ್ಲಿಸಿದ್ದೇನೆ.

ಪೋರ್ಟ್‌ಲ್ಯಾಂಡ್‌ನಲ್ಲಿ ಆ ಕೆಲಸ 2008ರಲ್ಲೂ ನಡೆಯುತ್ತಲೇ ಇತ್ತು. ಯಾವ ಬಿಡಿಭಾಗವೂ ಮಾರುಕಟ್ಟೆಗೆ ತಿರುಗಿ ಬರಬಾರದೆಂದು ಚಕ್ರ, ಟೈರುಗಳನ್ನೂ ಬೇರೆಯಾಗಿ ಹಾಳು ಮಾಡಿದರು. ಏರ್‌ಬ್ಯಾಗುಗಳನ್ನು ಸಿಡಿಸಿದರು, ಒಳಗೆ ಯಾರೂ ಇಲ್ಲದ ಕಾರುಗಳಲ್ಲಿ. ಹಡಗನ್ನು ಮಾತ್ರ ರಿಪೇರಿ ಮಾಡಿದರು. ಅದು ಮತ್ತೆ ಕಾರು ಹೊತ್ತು ಕಡಲಿಗಿಳಿಯಿತು.