ಅರಿವಿಗೆ ಕಾಯಕವೇ ಒರೆಗಲ್ಲು



ಶರಣರು ಅರಿವು ಬೇರೆ, ಕಾಯಕ ಬೇರೆ ಎಂದು ಬಗೆದವರಲ್ಲ. ದೋಣಿ ನಡೆಸಿದವರು, ಹಗ್ಗ ಹೊಸೆದವರು, ಬಟ್ಟೆ ಒಗೆದವರು ಅನುಭಾವಿಗಳಾದರು.

ವಿದ್ಯೆಗೂ ಈ ಮಾತು ಸಲ್ಲುತ್ತದೆ. 1906ರಲ್ಲಿ ಅಮೇರಿಕೆಯ ಸಿನ್ಸಿನಾಟಿ ವಿಶ್ವವಿದ್ಯಾನಿಲಯದ ಹರ್ಮನ್ ಶ್ನೈಡರ್ ಎಂಬ ಅಧ್ಯಾಪಕರು ವಿದ್ಯಾರ್ಥಿಗಳನ್ನು ಪಾಠಶಾಲೆಗೂ ಕಾರ್ಖಾನೆಗೂ ಸರದಿಯಂತೆ ಕಳುಹಿಸುವ ಕ್ರಮವನ್ನು ತೊಡಗಿದರು. ನಮ್ಮ ದೇಶದಲ್ಲಿ 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ನಮ್ಮ ಲಿಂಗಸುಗೂರಿನಲ್ಲಿಯೂ ಇದೆ. ಅಚ್ಚು, ಉಪಕರಣಗಳ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತವನು ನಾಲ್ಕನೆಯ ವರ್ಷವನ್ನು ಕಾರ್ಖಾನೆಯಲ್ಲಿ ದುಡಿಯುತ್ತ ಕಳೆಯಬೇಕು.

“ಒಂದು ವರ್ಷ ವ್ಯರ್ಥವಲ್ಲವೇ? ಓದಿದ ಮಗ ಎಣ್ಣೆಗೈಯಲ್ಲಿ ನಿಲ್ಲಬೇಕೇ?” ಎಂದು ಸಿಂಧನೂರು, ಮಸ್ಕಿಗಳ ತಂದೆತಾಯಿಗಳು ಶಂಕಿಸುವುದುಂಟು. ಶಂಕೆ ಸಹಜ, ಆದರೆ ಯೋಚಿಸಿರಿ. ಕಾಗದದ ಮೇಲೆ ಸರಿಯಾದ ಅಳತೆ ಉಕ್ಕಿನ ಮೇಲೆ ಕೂದಲೆಳೆಯಷ್ಟು ತಪ್ಪಿದರೂ ಅಚ್ಚು ಕೆಡುತ್ತದೆ. ಆಗ ಪುಸ್ತಕದ ಪಾಠ ಏತಕ್ಕೆಂಬುದು ಅವನಿಗೆ ತಿಳಿಯುತ್ತದೆ. ವೇಳೆಯ ನಿಯಮ, ಹಿರಿಯರೊಡನೆ ಹೊಂದಿ ನಡೆಯುವುದು, ತನಗೆ ಯಾವ ಕೆಲಸ ಒಗ್ಗದು ಎಂಬ ಅರಿವು, ಇವೆಲ್ಲ ಉದ್ಯೋಗಕ್ಕೆ ಮೊದಲೇ ದೊರೆಯುತ್ತವೆ. ಅವನ ಕೈಗುಣವನ್ನು ಕಂಡ ಯಜಮಾನನಿಗೆ ಬೇರೆ ಶಿಫಾರಸು ಬೇಕಾಗದು.

ಇದೇ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನನ್ನು ನೆನೆಯಿರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದಳು. ಕಾಯಕ ಮಾಡಿದರೆ ಸಾಲದು. ಅದನ್ನು ತಿದ್ದುವ ಗುರು ಬೇಕು. ಮಾರಯ್ಯನಿಗೆ ಆ ಗುರು ಮನೆಯಲ್ಲಿಯೇ ಇದ್ದಳು.

ಆದುದರಿಂದ ಈ ಮಾತು ಅಕ್ಕಿ ಗಿರಣಿ, ಅಂಗಡಿ, ಕಾರ್ಖಾನೆಗಳ ಯಜಮಾನರಿಗೂ ಸಲ್ಲುತ್ತದೆ. ಲೆಕ್ಕಪತ್ರ ಕಲಿಯಲೆಂದು ಬಂದ ಹುಡುಗನಿಂದ ಚಹಾ ತರಿಸಿ, ಚೀಲ ಹೊರಿಸಿ, ಏನನ್ನೂ ಕಲಿಸದೆ ಕಳುಹಿಸಿದರೆ, ಅವನಿಂದ ಪಡೆದ ದುಡಿಮೆಯೇ ಆ ಹೆಚ್ಚಿನ ಅಕ್ಕಿ. ಅದು ನಿಮ್ಮದಲ್ಲ, ಹಿಂದಿರುಗಿಸತಕ್ಕದ್ದು. ವಿದ್ಯಾರ್ಥಿಯೂ ಭತ್ಯೆಯೊಂದನ್ನೇ ಎಣಿಸುತ್ತ ಕುಳಿತರೆ ಕಲಿಕೆ ಅವನಿಗೆ ದಕ್ಕದು.

ತಂದೆತಾಯಿಗಳೇ, ಮಗನಾಗಲಿ ಮಗಳಾಗಲಿ ಕೆಲಸದಿಂದ ಮನೆಗೆ ಬಂದಾಗ “ಎಷ್ಟು ಕೊಟ್ಟರು?” ಎಂದು ಕೇಳುವ ಮೊದಲು “ಇಂದು ಏನು ಕಲಿತೆ?” ಎಂದು ಕೇಳಿರಿ. ಉತ್ತರ ಬಾರದಿದ್ದರೆ ಕಾಲೇಜಿಗೆ ಹೋಗಿ ವಿಚಾರಿಸಿರಿ. ಲಕ್ಕಮ್ಮನ ಮನೆತನವನ್ನು ಉಳಿಸಿಕೊಳ್ಳುವ ಬಗೆ ಇದೇ.