ನಾಯಕ ಬಾರದ ಹೊತ್ತಿನ ಹುಲ್ಲು

ವಿಡಿಯೋ ಗೇಮಿನ ಮಾತು ಬಂದರೆ ನಮ್ಮಲ್ಲಿ ಚರ್ಚೆ ಮುಗಿಯಲು ಹೆಚ್ಚು ಹೊತ್ತು ಬೇಡ. ಹುಡುಗರು ಕಣ್ಣು ಹಾಳುಮಾಡಿಕೊಂಡರು, ಓದು ಬಿಟ್ಟರು, ಹೊಡಿ ಬಡಿ ಕಲಿತರು, ಅಲ್ಲಿಗೆ ತೀರ್ಪು ಬಂತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದಾಗ ಎಷ್ಟೋ ಮನೆಗಳಲ್ಲಿ ಹಿರಿಯರು ನೆಮ್ಮದಿಯ ಉಸಿರು ಬಿಟ್ಟರು. ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಮಕ್ಕಳ ಓದಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಯಾರೂ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ ಅನ್ನಿ.

ಹಿಂಸೆಯ ಆರೋಪ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ನಮ್ಮ ಸೀಮೆಯ ಬಯಲಾಟದಲ್ಲಿ ರಾತ್ರಿಯಿಡೀ ರಾಕ್ಷಸರ ತಲೆ ಉರುಳುತ್ತದೆ. ಬೆಳಗಾದ ಮೇಲೆ ರಾಕ್ಷಸನ ವೇಷದವನೂ ಅವನನ್ನು ಕೊಂದವನೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ವೇಷ ಕಳಚುವುದು ಮನುಷ್ಯನಿಗೆ ಗೊತ್ತು. ನನ್ನ ಅನುಮಾನ ಬೇರೆ ಕಡೆ ಇದೆ. ನಾನು ಇಷ್ಟಪಟ್ಟು ಆಡುವುದು ಸಾಹಸದ ಗೇಮ್‌ಗಳನ್ನು, ಒಂದು ಪಾತ್ರವನ್ನು ಮೈಮೇಲೆ ಹಾಕಿಕೊಂಡು ದೊಡ್ಡ ದೊಡ್ಡ ಬಯಲುಗಳಲ್ಲಿ ಅಲೆಯುವ ಆರ್‌ಪಿಜಿಗಳನ್ನು. ಅವುಗಳೊಳಗಿನ ಲೋಕ ಯಾರಿಗಾಗಿ ಇದೆ? ಆಡುತ್ತ ಹೋದಂತೆ ನನ್ನನ್ನು ಕಾಡಿದ್ದು ಈ ಪ್ರಶ್ನೆ.

ಒಂದು ಊರಿಗೆ ಕಾಲಿಡುತ್ತೀರಿ. ಹೆಂಗಸೊಬ್ಬಳು ಓಡಿ ಬಂದು, ಅಪ್ಪನನ್ನು ಕಳ್ಳರು ಹಿಡಿದೊಯ್ದಿದ್ದಾರೆ, ಬೇಗ ಬಾ ಎಂದು ಅಳುತ್ತಾಳೆ. ನೀವು ಬೇಗ ಹೋಗಬೇಕಾದ್ದೇನೂ ಇಲ್ಲ. ಮೀನು ಹಿಡಿಯಬಹುದು, ಬೇರುನಾರು ಕಿತ್ತು ಮಾರಬಹುದು, ಬೇರೆ ದೇಶ ಸುತ್ತಬಹುದು. ತಿಂಗಳು ಬಿಟ್ಟು ಬಂದರೂ ಅವಳು ಅದೇ ಕಂಬದ ಪಕ್ಕ ಅದೇ ಕಣ್ಣೀರಿನಲ್ಲಿ ನಿಂತಿರುತ್ತಾಳೆ, ಅವಳಪ್ಪನೂ ಸಾಯದೆ ಕಾಯುತ್ತಿರುತ್ತಾನೆ. 2015ರಲ್ಲಿ ಬಂದ ಪೋಲೆಂಡಿನ ವಿಚರ್ 3ರಲ್ಲಿ ನಾಯಕ ಗೆರಾಲ್ಟ್ ಹುಡುಕುತ್ತಿರುವುದು ಮಗಳಂತೆ ಸಾಕಿದ ಹುಡುಗಿಯನ್ನು. ಅವಳ ಬೆನ್ನಿಗೆ ಸಾವು ಬಿದ್ದಿದೆ. ಆಟಗಾರರು ಮಾತ್ರ ಊರೂರಿನ ಹೆಂಡದಂಗಡಿಯಲ್ಲಿ ಕುಳಿತು ಇಸ್ಪೀಟಿನಂಥದೊಂದು ಎಲೆಯಾಟ ಆಡುತ್ತ ರಾತ್ರಿ ಕಳೆದದ್ದು ಗೇಮ್ ಆಡುವವರ ನಡುವೆ ಹಳೆಯ ತಮಾಷೆ. ನಾನೂ ಆಡಿದ್ದೇನೆ, ಬಿಡಿ.

ಇದರಲ್ಲಿ ಸುಖವಿದೆ, ಅದನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ. ಹೊರಗಿನ ಲೋಕ ಯಾರಿಗೂ ಕಾಯುವುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನೊಂದಿಗೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು, ಮಾಡಿದಷ್ಟು ನೀಡು ಭಿಕ್ಷೆ. ಶೇಂಗಾ ಬಿತ್ತಿದವನಿಗೆ ಮಳೆ ಈ ಮಾತು ಕೊಟ್ಟಿಲ್ಲ. ಗೇಮ್ ಕೊಟ್ಟಿದೆ, ಅಕ್ಷರಶಃ ನಡೆಸಿಕೊಡುತ್ತದೆ. ಇಷ್ಟು ತೋಳ ಕೊಂದರೆ ಇಷ್ಟು ಪಾಯಿಂಟು, ಇಷ್ಟು ಪಾಯಿಂಟಿಗೆ ಒಂದು ಲೆವೆಲ್ಲು. ದುಡಿದದ್ದು ಎಲ್ಲೂ ಸೋರಿಹೋಗುವುದಿಲ್ಲ. ಮಳೆಯಾಶ್ರಿತ ತಾಲ್ಲೂಕಿನ ಹುಡುಗನೊಬ್ಬ ಇದಕ್ಕೆ ಮನಸೋತರೆ ಅವನನ್ನು ಸೋಮಾರಿ ಎನ್ನುವುದು ಅನ್ಯಾಯ.

ಅಮೆರಿಕದಲ್ಲಿ ಪಾಠ ಹೇಳುವ ತತ್ವಶಾಸ್ತ್ರಜ್ಞ ಸಿ. ಥಿ ನುಯೆನ್ 2020ರಲ್ಲಿ ಆಟಗಳ ಕುರಿತು ಒಂದು ಪುಸ್ತಕ ತಂದರು. ಆಟ ಕಟ್ಟುವವನು ಒಂದು ಲೋಕವನ್ನಷ್ಟೇ ಕಟ್ಟುವುದಿಲ್ಲ, ಆ ಲೋಕದಲ್ಲಿ ನಮಗೆ ಏನು ಬೇಕು ಎನಿಸಬೇಕು ಎಂಬುದನ್ನೂ ಕಟ್ಟಿಕೊಡುತ್ತಾನೆ. ನಾವು ಸ್ವಲ್ಪ ಹೊತ್ತು ಆ ಬಯಕೆಯನ್ನು ತೊಟ್ಟುಕೊಂಡು ಆಮೇಲೆ ತೆಗೆದಿಡುತ್ತೇವೆ ಎಂಬುದು ಅವರ ವಾದದ ತಿರುಳು. ಅವರ ಭಯವೂ ಇಲ್ಲೇ ಇದೆ. ಗುರಿ ಅಂಕಿಯಲ್ಲಿ ಸ್ಪಷ್ಟವಾಗಿ ಕಂಡಾಗ ಅದರ ರುಚಿ ಹತ್ತುತ್ತದೆ. ಆಟದ ಹೊರಗೂ ನಾವು ಎಣಿಸಲು ಬರುವುದನ್ನೇ ಬೆಲೆಯುಳ್ಳದ್ದು ಎಂದುಕೊಳ್ಳತೊಡಗುತ್ತೇವೆ. ನನಗೆ ಇದು ಹಿಂಸೆಯ ಆರೋಪಕ್ಕಿಂತ ತೂಕದ ಮಾತು ಎನಿಸುತ್ತದೆ.

2011ರ ನವೆಂಬರಿನಲ್ಲಿ ಬಂದ ಸ್ಕೈರಿಮ್ ಎಂಬ ಗೇಮ್ ತೆಗೆದುಕೊಳ್ಳಿ. ಅದರ ನಡುಭಾಗದಲ್ಲಿ ವೈಟ್‌ರನ್ ಎಂಬ ಕೋಟೆಯೂರು, ಸುತ್ತ ಒಣಹುಲ್ಲಿನ ದೊಡ್ಡ ಬಯಲು. ಆ ಬಯಲಿನಲ್ಲಿ ಮಾತಾಡದ ದೈತ್ಯರು ಮ್ಯಾಮತ್ ಎಂಬ ರೋಮದ ಆನೆಗಳ ಮಂದೆಯನ್ನು ಮೇಯಿಸಿಕೊಂಡಿರುತ್ತಾರೆ. ಅವರಾಗಿ ಯಾರ ತಂಟೆಗೂ ಬರುವುದಿಲ್ಲ. ತೀರ ಹತ್ತಿರ ಹೋದರೆ ಮೊದಲು ದೊಣ್ಣೆ ಎತ್ತಿ ಗದರಿಸುತ್ತಾರೆ. ಹಿಂದೆ ಸರಿದರೆ ಮತ್ತೆ ತಮ್ಮ ಮಂದೆಯ ಕಡೆ ತಿರುಗುತ್ತಾರೆ. ಆಟಗಾರ ಹಿಂದೆ ಸರಿಯುವುದಿಲ್ಲ. ದೈತ್ಯನ ಕಾಲ್ಬೆರಳು ಔಷಧಕ್ಕೆ ಬರುತ್ತದೆ, ಮ್ಯಾಮತ್ ದಂತಕ್ಕೆ ಬೆಲೆಯಿದೆ. ಶಕ್ತಿ ಸಾಲದೆ ಹೋದವನನ್ನು ದೈತ್ಯನ ಒಂದೇ ಏಟು ಆಕಾಶಕ್ಕೆ ಹಾರಿಸುತ್ತದೆ. ಅದು ಪ್ರೋಗ್ರಾಮಿನ ದೋಷ, ಜನ ನಕ್ಕರೆಂದು ಮಾಡಿದವರು ಹಾಗೇ ಬಿಟ್ಟರು. ಶಕ್ತಿ ಬಂದ ಮೇಲೆ ಅವನು ಮರಳಿ ಬಂದು ಆ ಮಂದೆಯನ್ನು ಮುಗಿಸುತ್ತಾನೆ.

ನಮ್ಮ ಚಳ್ಳಕೆರೆ ಸೀಮೆಯವನಿಗೆ ಆ ದೈತ್ಯ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಅವನು ಕಿಲಾರಿ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವಕ್ಕೆ ನೊಗ ಹೊರಿಸುವುದಿಲ್ಲ, ಅವನ್ನು ಮಾರುವುದಿಲ್ಲ, ಸತ್ತರೆ ಶಾಸ್ತ್ರೋಕ್ತವಾಗಿ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಲೆಕ್ಕ ಹಾಕಲು ಕೂತರೆ ಆ ಎತ್ತುಗಳಿಂದ ಉಪಯೋಗ ಶೂನ್ಯ. ಬರಗಾಲದಲ್ಲಿ ಮೇವಿಗಾಗಿ ಊರೂರಿನ ಮುಂದೆ ಕೈಯೊಡ್ಡಿಯಾದರೂ ಅವನ್ನು ಉಳಿಸಿಕೊಳ್ಳುತ್ತಾರೆ. ಕಿಲಾರಿಯದೂ ಒಂದು ಪಾತ್ರವೇ. ಆದರೆ ಅದರಲ್ಲಿ ಪಾಯಿಂಟಿಲ್ಲ, ಲೆವೆಲ್ಲಿಲ್ಲ, ಬೇಸರವಾದರೆ ಸೇವ್ ಮಾಡಿ ಎದ್ದು ಹೋಗುವಂತಿಲ್ಲ.

ಆ ಎತ್ತು, ಕುರಿ, ಆಡು ಮೇಯುತ್ತಿದ್ದ ಹುಲ್ಲುಗಾವಲುಗಳಲ್ಲಿ ವರವು ಕಾವಲ್ ಒಂದು. ಇವು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಒಂದು ಕಾಲಕ್ಕೆ ಮೈಸೂರು ಸೀಮೆಯ ಉದ್ದಗಲಕ್ಕೆ ಲಕ್ಷಾಂತರ ಎಕರೆ ಹೀಗೆ ದನಗಳ ಹೆಸರಿನಲ್ಲಿತ್ತು. ಚಳ್ಳಕೆರೆಯ ಕಂಬಳಿಯ ಉಣ್ಣೆ ಬೆಳೆದದ್ದು ಇಂಥ ಬಯಲುಗಳಲ್ಲಿ. ಕೃಷ್ಣಮೃಗವೂ ತೋಳವೂ ಇಲ್ಲಿನವೇ. 2008ರಿಂದ 2010ರ ಆಸುಪಾಸಿನಲ್ಲಿ ವರವು ಕಾವಲ್, ಉಳ್ಳಾರ್ತಿ ಕಾವಲ್, ಕುದಾಪುರದ ಸುತ್ತ ಸುಮಾರು 10 ಸಾವಿರ ಎಕರೆ ಹಂಚಿಕೆಯಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573, ಒಂದು ಖಾಸಗಿ ಸೌರವಿದ್ಯುತ್ ಕಂಪನಿಗೂ ಒಂದು ಪಾಲು. ಗೋಡೆ ಎದ್ದಿತು, ಬೇಲಿ ಬಂತು. ಸುತ್ತಲ ಹಳ್ಳಿಗರು ಬೀದಿಗಿಳಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನ ತಾನೇ ದಾರಿ ಲೆಕ್ಕಹಾಕಿಕೊಂಡು ಇಲ್ಲಿನ ರನ್‌ವೇಗೆ ಇಳಿಯಿತು. 2024ರ ಮಾರ್ಚಿನಲ್ಲೂ ಜೂನಿನಲ್ಲೂ ಮತ್ತೆ ಇಳಿಯಿತು, ಪ್ರತಿಸಲವೂ ಹೆಚ್ಚು ಕಷ್ಟದ ಸ್ಥಿತಿಯಲ್ಲಿ. ಅದನ್ನು ಕಂಡು ನನಗೆ ಹೆಮ್ಮೆಯಾಯಿತು. ಆಗಲಿಲ್ಲ ಎಂದು ನಟಿಸುವ ಅಗತ್ಯ ನನಗಿಲ್ಲ.

ನನ್ನ ಪ್ರಶ್ನೆ ಇರುವುದು ವಿಜ್ಞಾನದ ಬಗ್ಗೆ ಅಲ್ಲ. ಆ ಬಯಲಿನ ಬಗ್ಗೆ ಮಾತಾಡುವಾಗ ಓದಿದವರ ಬಾಯಲ್ಲಿ ಸಲೀಸಾಗಿ ಬಂದ ಮಾತೊಂದಿದೆ: ಅಲ್ಲೇನಿತ್ತು, ಬರೀ ಹುಲ್ಲು, ಖಾಲಿ ಬಿದ್ದಿತ್ತು. ಇದು ಪಕ್ಕಾ ಆಟಗಾರನ ಕಣ್ಣು. ನಾನು ಕಾಲಿಡುವ ತನಕ ಮ್ಯಾಪ್ ಕಪ್ಪಾಗಿರುತ್ತದೆ, ನಾನು ಬಂದ ಮೇಲೆ ಬೆಳಗುತ್ತದೆ. ನನ್ನ ಕೆಲಸಕ್ಕೆ ಬಾರದವನು ಎನ್‌ಪಿಸಿ, ಎಂದರೆ ಕಂಪ್ಯೂಟರ್ ನಡೆಸುವ ಪಕ್ಕದ ಪಾತ್ರ. ಹುಲ್ಲು ಹಿನ್ನೆಲೆಯ ಚಿತ್ರ. ಎಕರೆಗೆ ಅಂಕಿಯಿದೆ, ಅದು ಕಾಗದದ ಮೇಲೆ ಏರುತ್ತದೆ. ಕಿಲಾರಿ ಸುತ್ತು ಹಾಕಿ ಹೋಗಬೇಕಾದ ದಾರಿಗೆ ಅಂಕಿಯಿಲ್ಲ. ವೈಟ್‌ರನ್ ಬಯಲಿನ ದೈತ್ಯನಿಗೆ ದೊಣ್ಣೆಯಾದರೂ ಇತ್ತು.

ಗೇಮ್‌ಗಳೇ ಇದನ್ನು ಕಲಿಸಿದವು ಎಂದು ಯಾರಾದರೂ ನನ್ನ ಮಾತನ್ನು ತಿರುಚಿದರೆ ಒಪ್ಪುವುದಿಲ್ಲ. ಭೂಮಿ ಹಂಚಿದವರು ಸ್ಕೈರಿಮ್ ಆಡಿರಲಿಕ್ಕಿಲ್ಲ. ಅದು ಆಗಿನ್ನೂ ಬಂದಿರಲೂ ಇಲ್ಲ. ಈ ಕಣ್ಣು ಬಹಳ ಹಳೆಯದು. ಇಂದ್ರಪ್ರಸ್ಥಕ್ಕೆ ಮುಂಚೆ ಖಾಂಡವವನ ಇತ್ತೆಂದು ನಮಗೆಲ್ಲ ಗೊತ್ತು. ಕೃಷ್ಣಾರ್ಜುನರು ಎರಡು ಬದಿ ನಿಂತು, ತಪ್ಪಿಸಿಕೊಳ್ಳುವ ಪ್ರಾಣಿಗಳನ್ನು ಬೆಂಕಿಗೆ ನೂಕಿದ ಕಥೆ ಅದು. ಆದರೆ ವ್ಯಾಸರ ಲೋಕದಲ್ಲಿ ಸುಟ್ಟುಹೋದವರು ಹಿನ್ನೆಲೆಯ ಚಿತ್ರವಾಗಿ ಉಳಿಯಲಿಲ್ಲ. ಅಂದು ತಪ್ಪಿಸಿಕೊಂಡ ಹಾವು ಅಶ್ವಸೇನ ಕರ್ಣನ ಬಾಣದಲ್ಲಿ ಸೇರಿಕೊಂಡು ಅರ್ಜುನನ ಕೊರಳಿಗೆ ಬಂದ. ಆ ಕಾಡಿನ ತಕ್ಷಕನೇ ಅರ್ಜುನನ ಮೊಮ್ಮಗನನ್ನು ಕಚ್ಚಿದ. ನಾಯಕರು ಮರೆತದ್ದನ್ನು ಕಾವ್ಯ ಮರೆಯಲಿಲ್ಲ. ದೊಡ್ಡ ಕಥೆಗೂ ಸಣ್ಣ ಕಥೆಗೂ ನಾನು ಕಾಣುವ ವ್ಯತ್ಯಾಸ ಇದು. ಗೇಮನ್ನೂ ನಾನು ಇದೇ ಅಳತೆಯಲ್ಲಿ ಅಳೆಯುತ್ತೇನೆ: ನಾನು ಇಲ್ಲದಾಗಲೂ ಈ ಲೋಕ ಇರುತ್ತದೆಯೇ? ನಾನು ಮಾಡಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆಯೇ?

ಈ ಅಳತೆಗೆ ನಿಲ್ಲುವ ಗೇಮ್‌ಗಳು ಇವೆ, ಅದೇ ಈ ಕಲೆಯ ಮೇಲೆ ನನಗಿರುವ ಭರವಸೆ. 2005ರಲ್ಲಿ ಜಪಾನಿನ ಫುಮಿತೊ ಉಎದಾ ಮಾಡಿದ ಶ್ಯಾಡೋ ಆಫ್ ದ ಕೊಲೊಸಸ್‌ನಲ್ಲಿ ನಿರ್ಜನ ಬಯಲು, ಹದಿನಾರು ಮಹಾಕಾಯರು, ಬೇರೆ ಶತ್ರುಗಳೇ ಇಲ್ಲ. ಸತ್ತ ಹುಡುಗಿಯನ್ನು ಬದುಕಿಸಲು ನಾಯಕ ಅವರನ್ನು ಕೊಲ್ಲಬೇಕು. ಅವರಲ್ಲಿ ಕೆಲವರು ನಾವಾಗಿ ಕೆಣಕುವ ತನಕ ಸುಮ್ಮನೆ ಇರುತ್ತಾರೆ. ಒಬ್ಬೊಬ್ಬನನ್ನು ಉರುಳಿಸಿದಾಗಲೂ ವಿಜಯದ ಕಹಳೆಯಿಲ್ಲ, ಸಾವಿನ ಮನೆಯ ಸಂಗೀತ. ನಾಯಕನ ಮೈಬಣ್ಣ ಕೆಡುತ್ತ ಹೋಗುತ್ತದೆ. ನಾನು ಗೆಲ್ಲುತ್ತ ಹೋದಂತೆ ಗೇಮ್ ನನ್ನನ್ನು ನಂಬುವುದನ್ನು ಬಿಡುತ್ತಿದೆ ಎನಿಸಿದ್ದು ಆಗಲೇ. 2015ರ ಅಂಡರ್‌ಟೇಲ್‌ನಲ್ಲಿ ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ಕೊಂದು, ಪಶ್ಚಾತ್ತಾಪಪಟ್ಟು, ಹಳೆಯ ಸೇವ್‌ಗೆ ಹಿಂತಿರುಗಿದರೆ ಅಲ್ಲಿನ ಪಾತ್ರವೊಂದು ನೀವು ಮಾಡಿದ್ದನ್ನು ನಿಮ್ಮ ಮುಖಕ್ಕೇ ಹೇಳುತ್ತದೆ. 2019ರ ಔಟರ್ ವೈಲ್ಡ್ಸ್‌ನಲ್ಲಿ ಸೂರ್ಯ ಇಪ್ಪತ್ತೆರಡು ನಿಮಿಷಕ್ಕೆ ಸಿಡಿಯುತ್ತಾನೆ, ನೀವು ಏನು ಮಾಡುತ್ತಿದ್ದರೂ. ಗ್ರಹಗಳು ತಮ್ಮ ಪಾಡಿಗೆ ತಿರುಗುತ್ತವೆ. ಅಲ್ಲಿ ಲೆವೆಲ್ಲುಗಳಿಲ್ಲ. ಮತ್ತೆ ಮತ್ತೆ ಸತ್ತು ಹುಟ್ಟಿ ನೀವು ಗಳಿಸುವುದು ತಿಳಿವಳಿಕೆಯೊಂದನ್ನೇ. ನಾನು ಆಡಿದ್ದರಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಸಾಹಸ ಪ್ರಕಾರದ ಮೊದಲ ಗೇಮಿನ ಹುಟ್ಟೂ ಹೀಗೇ ಇತ್ತು ಎಂಬುದನ್ನು ಮರೆತಿದ್ದೇವೆ. 1970ರ ದಶಕದ ನಡುವಿನಲ್ಲಿ ಅಡ್ವೆಂಚರ್ ಬರೆದ ವಿಲ್ ಕ್ರೌದರ್ ಪ್ರೋಗ್ರಾಮರ್ ಮಾತ್ರವಲ್ಲ, ಗುಹೆ ಹೊಕ್ಕು ನಕ್ಷೆ ಮಾಡುತ್ತಿದ್ದವನು. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತೆವಳಿ ಅಳೆದ ದಾರಿಗಳನ್ನೇ ಅವನು ತನ್ನ ಹೆಣ್ಣುಮಕ್ಕಳು ಆಡಲೆಂದು ಬರೀ ಅಕ್ಷರಗಳಲ್ಲಿ ಕಟ್ಟಿದ. ಗುಹೆ ಮೊದಲು ಇತ್ತು, ಆಟಗಾರ ಆಮೇಲೆ ಬಂದ.

ಪಕ್ಕದ ಪಾತ್ರ ಎಂಬುದೂ ನೋಡುವವನ ಲೆಕ್ಕವೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಮಾಡಿದ ಅಶೋಕನ ಬಂಡೆಶಾಸನದಲ್ಲಿ ಅಶೋಕ ಎಂಬ ಹೆಸರಿಲ್ಲ, ದೇವಾನಾಂಪಿಯ ಎಂಬ ಬಿರುದಷ್ಟೇ ಇದೆ. ಆ ಬಿರುದು ಅಶೋಕನದೇ ಎಂದು ಖಚಿತವಾಗಲು 1915ರಲ್ಲಿ ಮಸ್ಕಿಯ ಶಾಸನ ಸಿಗಬೇಕಾಯಿತು. ಬ್ರಹ್ಮಗಿರಿಯ ಬಂಡೆಯಲ್ಲಿ ಸ್ವಂತ ಹೆಸರು ಹಾಕಿಕೊಂಡವನು ಬರೆದ ಲಿಪಿಕಾರ ಚಪಡ. ಸಾಲದ್ದಕ್ಕೆ ತನ್ನ ಕಸುಬನ್ನು ಇಲ್ಲಿ ಯಾರಿಗೂ ಓದಲು ಬಾರದ, ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಚಕ್ರವರ್ತಿಯ ಕಥೆಯಲ್ಲಿ ಅವನು ಎನ್‌ಪಿಸಿ. ಅವನ ಕಥೆಯಲ್ಲಿ ಚಕ್ರವರ್ತಿ ಎಲ್ಲೋ ದೂರದವನು.

ಬೆಂಗಳೂರಿನಲ್ಲಿ ಈಗ ಗೇಮ್ ಕಟ್ಟುವ ಕನ್ನಡದ ಹುಡುಗ ಹುಡುಗಿಯರಿದ್ದಾರೆ, ನಮ್ಮ ಪುರಾಣ ಜನಪದವನ್ನು ಗೇಮಿಗೆ ತರುವ ಉತ್ಸಾಹವೂ ಇದೆ. ಅವರಲ್ಲಿ ನನ್ನದೊಂದು ಕೋರಿಕೆ. ಕಾಡುಗೊಲ್ಲರ ಜುಂಜಪ್ಪನನ್ನೋ ಇನ್ನಾವ ವೀರನನ್ನೋ ತೆಗೆದುಕೊಂಡು ಕೈಗೆ ಕತ್ತಿ ಕೊಟ್ಟು ಬಯಲಿಗೆ ಬಿಡಬೇಡಿ. ಅದಕ್ಕೆ ಮುಂಚೆ ವರವು ಕಾವಲಿಗೆ ಒಮ್ಮೆ ಬನ್ನಿ. ಬೇಲಿಯ ಒಳಗಿರುವವರನ್ನೂ ಹೊರಗಿರುವವರನ್ನೂ ಮಾತಾಡಿಸಿ. ನಿಮ್ಮ ಗೇಮಿನಲ್ಲಿ ಕಿಲಾರಿಯ ತಲೆಯ ಮೇಲೆ ಹಳದಿ ಗುರುತು ಹಾಕಬೇಡಿ, ಆಟಗಾರ ಬಾರದ ದಿನವೂ ಅವನು ಮಂದೆ ಹೊಡೆದುಕೊಂಡು ಹೋಗುವಂತೆ ಪ್ರೋಗ್ರಾಂ ಬರೆಯಿರಿ. ಅಂಥ ಗೇಮ್ ಬಂದರೆ ಕೊಂಡು ಆಡುವವರಲ್ಲಿ ನಾನೂ ಒಬ್ಬ.