ಇಚ್ಛೆಯ ಅಳತೆ

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನಗಾಗಿ ಕಟ್ಟಿಸುತ್ತಿದ್ದ ಒಂದು ತಂತ್ರಾಂಶವನ್ನು 2005ರಲ್ಲಿ ಕೈಬಿಟ್ಟಿತು. ಅದರ ಹೆಸರು ವರ್ಚುವಲ್ ಕೇಸ್ ಫೈಲ್. ಕಾಗದದ ಕಡತಗಳನ್ನೇ ನೆಚ್ಚಿಕೊಂಡಿದ್ದ ಏಜೆಂಟರ ಮುಂದೆ ಇಡೀ ತನಿಖೆಯನ್ನು ಕಂಪ್ಯೂಟರಿನಲ್ಲಿ ತೆರೆದಿಡುವುದು ಅದರ ಉದ್ದೇಶ. ಸುಮಾರು 17 ಕೋಟಿ ಡಾಲರ್ ಸುರಿದು, ಏಳು ಲಕ್ಷ ಸಾಲುಗಳಷ್ಟು ಕೋಡ್ ಬರೆಸಿದ ಮೇಲೆ, ಇದು ಕೆಲಸಕ್ಕೆ ಬಾರದು ಎಂದು ಒಪ್ಪಿಕೊಳ್ಳಬೇಕಾಯಿತು. ಇಂಥ ಸೋಲಿಗೆ ಕಾರಣಗಳನ್ನು ಪಟ್ಟಿ ಮಾಡುವುದು ಕಷ್ಟವಲ್ಲ. ಮೇಲುಸ್ತುವಾರಿ ಸಡಿಲವಾಗಿತ್ತು, ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥರ ಕುರ್ಚಿಯಲ್ಲಿ ಕೆಲವೇ ವರ್ಷಗಳಲ್ಲಿ ಐದು ಮಂದಿ ಬಂದು ಹೋದರು, ಗಡುವು ಅವಾಸ್ತವವಾಗಿತ್ತು. ಇವೆಲ್ಲ ನಿಜವೇ. ಆದರೆ ಇವುಗಳ ಅಡಿಯಲ್ಲಿ ಆಡಳಿತಶಾಸ್ತ್ರ ಉತ್ತರಿಸದ, ಧರ್ಮಶಾಸ್ತ್ರ ಹಿಂದೆಯೇ ಎದುರಿಸಿದ ಒಂದು ಪ್ರಶ್ನೆ ಇದೆ: ನ್ಯಾಯವಾಗಿಯೇ ಕೇಳುತ್ತಿರುವವರಿಗೆ ಇಲ್ಲ ಎನ್ನುವುದು ಯಾವಾಗ ಕರ್ತವ್ಯವಾಗುತ್ತದೆ?

ನ್ಯಾಯವಾಗಿಯೇ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮೊದಲ ಯೋಜನೆ ದೊಡ್ಡದೇನೂ ಆಗಿರಲಿಲ್ಲ. ಹಳೆಯ ಕೇಸ್ ವ್ಯವಸ್ಥೆಗೆ ವೆಬ್ ಪುಟಗಳ ಹೊಸ ಮುಖ ಕೊಡುವುದಷ್ಟೇ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದು ಸಾಲದು, ಹಳೆಯದನ್ನು ಕಿತ್ತುಹಾಕಿ ಹೊಸದನ್ನೇ ಕಟ್ಟಬೇಕು ಎಂದಾಯಿತು. ತನಿಖೆಯ ಎಳೆಗಳು ಒಂದಕ್ಕೊಂದು ಕೂಡದೆ ಹೋದದ್ದರ ಫಲವನ್ನು ದೇಶ ಆಗಷ್ಟೇ ಕಂಡಿತ್ತು, ಬೇಡ ಎನ್ನುವ ಬಾಯಿ ಯಾರಿಗಿತ್ತು? 2002ರಲ್ಲಿ ತಿಂಗಳುಗಟ್ಟಲೆ ಏಜೆಂಟರೂ ಗುತ್ತಿಗೆದಾರ ಕಂಪನಿ ಎಸ್‌ಎಐಸಿಯವರೂ ಒಟ್ಟಿಗೆ ಕೂತು ಬೇಕಾದ್ದನ್ನೆಲ್ಲ ಬರೆದರು. ಆ ದಾಖಲೆ 800 ಪುಟ ದಾಟಿತು. ವ್ಯವಸ್ಥೆ ಏನು ಮಾಡಬೇಕು ಎಂಬುದರ ಜೊತೆಗೆ ತೆರೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು ಎಂಬುದೂ ಅದರಲ್ಲಿ ಸೇರಿತ್ತು. ಕೋಡ್ ಬರೆಯಲು ಶುರುಮಾಡಿದ ಮೇಲೂ ನೂರಾರು ಬದಲಾವಣೆಯ ಕೋರಿಕೆಗಳು ಬಂದವು. ಸಾಲದ್ದಕ್ಕೆ ಗಡುವನ್ನು 2004ರ ಮಧ್ಯದಿಂದ 2003ರ ಡಿಸೆಂಬರಿಗೆ ಹಿಂದಕ್ಕೆಳೆದರು. ಕೋರಿಕೆಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ತೆಗೆದುಹಾಕಬೇಕಾದ್ದು ಸುಲಭಕ್ಕೆ ಸಿಗುವುದಿಲ್ಲ. ಕೇಳಿದವರು ಲೋಭಿಗಳಾಗಿರಲಿಲ್ಲ, ತಮ್ಮ ಕೆಲಸ ನೆಟ್ಟಗಾಗಲಿ ಎಂದವರು.

ಆದ್ದರಿಂದ ಆಸೆಯೇ ದುಃಖಕ್ಕೆ ಮೂಲ ಎಂದು ಒಂದು ಮಾತಿನಲ್ಲಿ ಮುಗಿಸಿದರೆ ಇಲ್ಲಿ ಏನೂ ಹೇಳಿದಂತಾಗುವುದಿಲ್ಲ. ಆಸೆಯನ್ನು ಬೇರುಸಹಿತ ಕೀಳಿರಿ ಎನ್ನುವುದು ಸನ್ಯಾಸಿಗೆ ಹೇಳುವ ಮಾತು. ಕಚೇರಿ ಸಂಸಾರಿಯ ಜಾಗ. ಜೈನರ ಗೃಹಸ್ಥಧರ್ಮ ನನಗೆ ಇಲ್ಲಿ ಹೆಚ್ಚು ಉಪಯುಕ್ತವಾಗಿ ಕಾಣುವುದು ಇದೇ ಕಾರಣಕ್ಕೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಹೇಳಿದ ಐದನೆಯ ಅಣುವ್ರತ ಪರಿಮಿತ ಪರಿಗ್ರಹ. ಇಚ್ಛಾಪರಿಮಾಣ ಎಂಬುದು ಅದರ ಇನ್ನೊಂದು ಹೆಸರು. ಮುನಿ ಎಲ್ಲವನ್ನೂ ಬಿಡುತ್ತಾನೆ, ಶ್ರಾವಕ ಅಳೆಯುತ್ತಾನೆ. ಇಷ್ಟು ಧನ, ಇಷ್ಟು ಧಾನ್ಯ ಎಂದು ಮೊದಲೇ ಗೊತ್ತುಮಾಡಿಕೊಂಡು, ಅದರಾಚೆಗೆ ಮನಸ್ಸು ಹರಿಯದಂತೆ ನೋಡಿಕೊಳ್ಳುತ್ತಾನೆ. ಮಿತಿಯಾಚೆಗಿರುವುದೆಲ್ಲ ಕೆಟ್ಟದ್ದೆಂದು ಈ ವ್ರತ ಹೇಳುವುದಿಲ್ಲ. ಮಿತಿಯಾಚೆಯ ಧಾನ್ಯವೂ ಧಾನ್ಯವೇ. ಅದರ ಜೊತೆಯ ದಿಗ್ವ್ರತ ಇನ್ನೂ ಸ್ಪಷ್ಟ. ಓಡಾಟಕ್ಕೆ ಹತ್ತು ದಿಕ್ಕುಗಳಲ್ಲೂ ಎಲ್ಲೆ ಹಾಕಿಕೊಳ್ಳಬೇಕು, ಆ ಎಲ್ಲೆ ಎಲ್ಲರಿಗೂ ಗೊತ್ತಿರುವ ಸಮುದ್ರವೋ ನದಿಯೋ ಕಾಡೋ ಬೆಟ್ಟವೋ ಆಗಿರಬೇಕು, ಆಮೇಲೆ ವಾದಕ್ಕೆ ಆಸ್ಪದವಿರಬಾರದು. ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ, ಅಂದರೆ ದೋಷಗಳಲ್ಲಿ, ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಎಲ್ಲೆ ಮೀರುವುದು ಮೂರು. ಉಳಿದೆರಡು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ಮತ್ತು ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಯೋಜನೆಯ ವ್ಯಾಪ್ತಿ ಸದ್ದಿಲ್ಲದೆ ಹಿಗ್ಗುವುದನ್ನು ಬೆಂಗಳೂರಿನ ಕಂಪನಿಗಳಲ್ಲಿ ಸ್ಕೋಪ್ ಕ್ರೀಪ್ ಎಂದು ಗೊಣಗುತ್ತಾರಲ್ಲ, ಅದರ ರೋಗಲಕ್ಷಣವನ್ನು ಕೊನೆಯ ಎರಡಕ್ಕಿಂತ ಚೊಕ್ಕವಾಗಿ ಹೇಳಿದ್ದನ್ನು ನಾನು ಕಾಣೆ.

ಎಲ್ಲೆಯನ್ನು ಮೊದಲೇ ಏಕೆ ಹಾಕಬೇಕು? ಪ್ರತಿ ಬೇಡಿಕೆ ಬಂದಾಗ ಅದರ ಯೋಗ್ಯತೆ ನೋಡಿ ತೀರ್ಮಾನಿಸಿದರೆ ಸಾಲದೇ? ಸಾಲದು, ಏಕೆಂದರೆ ಆ ಹೊತ್ತಿನ ತಕ್ಕಡಿ ನೆಟ್ಟಗಿರುವುದಿಲ್ಲ. ಕೇಳುವವನು ಎದುರಿಗೇ ಕೂತಿರುತ್ತಾನೆ, ಅವನ ಕಷ್ಟ ಕಣ್ಣಿಗೆ ಕಾಣುತ್ತದೆ. ಕೊಟ್ಟದ್ದರ ಬೆಲೆ ತೆರುವವನು ಕೋಣೆಯಲ್ಲೇ ಇರುವುದಿಲ್ಲ. ಹತ್ತು ಸೌಲಭ್ಯಗಳಿರುವ ತಂತ್ರಾಂಶದಲ್ಲಿ ಒಂದು ಇನ್ನೊಂದನ್ನು ಕೆಡಿಸಬಹುದಾದ ಜೋಡಿಗಳು 45. ನೂರು ಸೌಲಭ್ಯಗಳಾದರೆ 4,950. ಸೌಲಭ್ಯ ಹತ್ತರಷ್ಟಾದರೆ ತೊಡಕು ನೂರಹತ್ತರಷ್ಟಾಗುತ್ತದೆ, ಆದರೆ ಕೋರಿಕೆಯ ಚೀಟಿಯಲ್ಲಿ ಬರೆದಿರುವುದು ಒಂದೇ ಸಾಲು. ಡೆನ್ವರ್ ವಿಮಾನ ನಿಲ್ದಾಣದ ಪ್ರಯಾಣಿಕರ ಪೆಟ್ಟಿಗೆಗಳನ್ನು ಕಂಪ್ಯೂಟರಿನಿಂದಲೇ ಸಾಗಿಸುವ ವ್ಯವಸ್ಥೆಯ ಕಥೆ ಇದನ್ನೇ ಕಬ್ಬಿಣದಲ್ಲಿ ತೋರಿಸಿತು. ಯುನೈಟೆಡ್ ಏರ್‌ಲೈನ್ಸ್‌ಗೆಂದು ಹೊರಟಿದ್ದನ್ನು ಇಡೀ ನಿಲ್ದಾಣಕ್ಕೆ ಹಿಗ್ಗಿಸಿದರು. ಇಂಥ ದಿನದ ನಂತರ ವಿನ್ಯಾಸದಲ್ಲಿ ಬದಲಾವಣೆ ಇಲ್ಲ ಎಂಬ ಒಪ್ಪಂದವಿತ್ತು. ಆದರೂ ಸ್ಕೀ ಸಲಕರಣೆಗಳನ್ನು ಸಾಗಿಸಲು ಬೇರೆ ಏರ್ಪಾಡು ಬೇಕೆಂದು ವಿಮಾನ ಕಂಪನಿಗಳು ಕೇಳಿದವು. ದುಡ್ಡು ಉಳಿಸಲೆಂದು ಯುನೈಟೆಡ್ ಒಂದು ಇಡೀ ಹಳಿಸುತ್ತನ್ನೇ ತೆಗೆಸಿತು. ಕೊಲೊರಾಡೊದಂಥ ಹಿಮದ ನಾಡಿನಲ್ಲಿ ಸ್ಕೀ ಸಾಗಿಸಬೇಡಿ ಎನ್ನಲಾದೀತೇ? 1993ರ ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ನಿಲ್ದಾಣ 1995ರ ಫೆಬ್ರುವರಿ 28ರಂದು ತೆರೆಯಿತು, ಅದೂ ಬಹುಪಾಲು ಪೆಟ್ಟಿಗೆಗಳನ್ನು ಹಳೆಯ ರೀತಿಯಲ್ಲೇ ಸಾಗಿಸುತ್ತ. ಹತ್ತು ವರ್ಷ ಯುನೈಟೆಡ್ ಒಂದೇ ಕುಂಟುತ್ತ ಬಳಸಿದ ಆ ವ್ಯವಸ್ಥೆಯನ್ನು 2005ರಲ್ಲಿ ಮುಚ್ಚಿದರು.

ನಮ್ಮ ಕಥೆಗಳು ಕೊಡುವವನನ್ನು ಕೊಂಡಾಡುತ್ತವೆ. ಬೇಡಿದವನು ಇಂದ್ರ ಎಂದು ತಿಳಿದೂ ಕರ್ಣ ಕವಚಕುಂಡಲ ಕೊಟ್ಟ, ಗುರು ಬೇಡವೆಂದರೂ ಬಲಿ ಮೂರು ಹೆಜ್ಜೆ ಭೂಮಿ ಕೊಟ್ಟ. ಇಲ್ಲ ಎನ್ನುವುದು ನಮಗೆ ಅಷ್ಟು ಇರುಸುಮುರುಸಾಗುವುದರ ಹಿಂದೆ ಈ ಕಥೆಗಳ ಒತ್ತಡವೂ ಇದ್ದೀತು. ಆದರೆ ಕರ್ಣ ತನ್ನ ಮೈಯಿಂದ ಕಿತ್ತು ಕೊಟ್ಟ, ಬಲಿ ತನ್ನ ತಲೆಯನ್ನೇ ಒಡ್ಡಿದ. ಎಲ್ಲಕ್ಕೂ ಆಗಲಿ ಎನ್ನುವ ಪ್ರಾಜೆಕ್ಟ್ ಮ್ಯಾನೇಜರ್ ತನ್ನದೇನನ್ನೂ ಕೊಡುತ್ತಿಲ್ಲ. ಅವನು ಕೊಡುವುದು ಕೋಡ್ ಬರೆಯುವವರ ರಾತ್ರಿಗಳನ್ನು, ತೆರಿಗೆದಾರರ ಹಣವನ್ನು, ನಿನ್ನೆ ಕೇಳಿದ್ದವನಿಗೆ ಇವತ್ತು ಸಿಗಬೇಕಾಗಿದ್ದ ಕೆಲಸವನ್ನು. ಪರರ ಸ್ವತ್ತಿನಲ್ಲಿ ಮಾಡಿದ್ದನ್ನು ಯಾವ ಧರ್ಮಶಾಸ್ತ್ರವೂ ದಾನವೆಂದು ಒಪ್ಪಲಾರದು. ಅನಿಯಂತ್ರಿತ ಬೇಡಿಕೆಯ ಮುಖ್ಯ ದೋಷ ಹಾಗಾಗಿ ಕೇಳುವವನ ಇಚ್ಛೆಯಲ್ಲಿ ಇಲ್ಲ. ತನ್ನದಲ್ಲದ್ದನ್ನು ಧಾರಾಳವಾಗಿ ಕೊಡುವವನ ಔದಾರ್ಯದಲ್ಲಿದೆ ಎಂಬುದು ನನ್ನ ವಾದ. ಇದರಲ್ಲಿ ಹಣದ ಪಾತ್ರವೂ ಉಂಟು. ವರ್ಚುವಲ್ ಕೇಸ್ ಫೈಲ್‌ನ ಗುತ್ತಿಗೆ, ತಗಲಿದ ವೆಚ್ಚದ ಮೇಲೆ ಶುಲ್ಕ ಸೇರಿಸಿ ಕೊಡುವ ಬಗೆಯದು. ಅಂಥ ಕಡೆ ಪ್ರತಿ ಹೂಂ ಗುತ್ತಿಗೆದಾರನಿಗೆ ಇನ್ನಷ್ಟು ಕೆಲಸ, ಪ್ರತಿ ಊಹೂಂ ಒಂದು ಮನಸ್ತಾಪ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಬಳಕೆದಾರರ ಮಾತು ಕೇಳಿದ್ದರಿಂದ ಕೆಟ್ಟ ಯೋಜನೆಗಳಿಗಿಂತ ಕೇಳದೆ ಕೆಟ್ಟವೇ ಹೆಚ್ಚಲ್ಲವೇ? ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಗಾಗಿ 2002ರಲ್ಲಿ ಹೊರಟ ರಾಷ್ಟ್ರೀಯ ಐಟಿ ಕಾರ್ಯಕ್ರಮ ಸಾವಿರಾರು ಕೋಟಿ ರೂಪಾಯಿಗೆ ಸಮನಾದ ಹಣ ನುಂಗಿತು. ವೈದ್ಯರನ್ನೂ ದಾದಿಯರನ್ನೂ ಸರಿಯಾಗಿ ವಿಚಾರಿಸದೆ ಮೇಲಿನಿಂದ ಹೇರಿದ್ದೇ ಅದರ ಮುಖ್ಯ ತಪ್ಪು. 2011ರಲ್ಲಿ ಸರ್ಕಾರವೇ ಅದನ್ನು ಕಳಚಿಹಾಕಲು ಹೊರಟಿತು. ಆದರೆ ಆಲಿಸುವುದು ಬೇರೆ, ಒಪ್ಪುವುದು ಬೇರೆ. ಆಲಿಸದವನಿಗೆ ಎಲ್ಲೆ ಎಲ್ಲಿ ಹಾಕಬೇಕೆಂದೇ ತಿಳಿಯದು, ಹಾಗಾಗಿ ಅವನ ಮಿತಿ ವ್ರತವಾಗದೆ ಬರಿಯ ಮೊಂಡುತನವಾಗುತ್ತದೆ. ಎಲ್ಲವನ್ನೂ ಬರೆದುಕೊಳ್ಳುವವನು ಆಲಿಸಿದ್ದಾನೆ ಎಂದೂ ಹೇಳಲಾಗದು. ಹಿರಣ್ಯಕಶಿಪು ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಹಗಲು ಬೇಡ, ಇರುಳು ಬೇಡ, ಒಳಗೆ ಬೇಡ, ಹೊರಗೆ ಬೇಡ ಎಂದು ಪಟ್ಟಿ ಕೊಟ್ಟ. ಬ್ರಹ್ಮ ಒಂದೂ ಬಿಡದೆ ತಥಾಸ್ತು ಎಂದ. 800 ಪುಟದ ದಾಖಲೆಗೆ ಪುರಾಣದಲ್ಲಿ ಇದಕ್ಕಿಂತ ಹತ್ತಿರದ ಸಂಬಂಧಿ ಇಲ್ಲ.

ಎರಡನೆಯ ಆಕ್ಷೇಪ ತಂತ್ರಾಂಶ ವೃತ್ತಿಯ ಒಳಗಿನಿಂದಲೇ ಬರುತ್ತದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಕೂಡಿದ 17 ಮಂದಿ ಪ್ರಕಟಿಸಿದ ಅಜೈಲ್ ಪ್ರಣಾಳಿಕೆ ಬದಲಾವಣೆಯನ್ನು ಕೊನೆಯ ಹಂತದಲ್ಲೂ ಸ್ವಾಗತಿಸಿ ಎನ್ನುತ್ತದೆ. ಹಾಗಿದ್ದ ಮೇಲೆ ಮೊದಲೇ ಎಲ್ಲೆ ಹಾಕುವುದು ಹಳೆಯ ಕಾಲದ ಬಿಗಿತವಲ್ಲವೇ? ಇಲ್ಲಿಯೂ ಶ್ರಾವಕಾಚಾರದ ಒಂದು ವಿವೇಕ ನೆರವಿಗೆ ಬರುತ್ತದೆ. ಭೋಗೋಪಭೋಗಗಳ, ಅಂದರೆ ಉಣ್ಣುವ, ಬಳಸುವ ವಸ್ತುಗಳ, ಮಿತಿಯನ್ನು ಅದು ಎರಡು ಬಗೆಯಾಗಿ ಹೇಳುತ್ತದೆ: ಬದುಕಿರುವಷ್ಟು ಕಾಲಕ್ಕೆ ಹಾಕಿಕೊಂಡದ್ದು ಯಮ, ಇಷ್ಟು ಕಾಲಕ್ಕೆ ಎಂದು ಹಾಕಿಕೊಂಡದ್ದು ನಿಯಮ. ಅಜೈಲ್ ತಂಡಗಳು ಸ್ಪ್ರಿಂಟ್ ಎನ್ನುವ, ಸಾಮಾನ್ಯವಾಗಿ ಎರಡು ವಾರಗಳ, ಕೆಲಸದ ಸರದಿ ಈ ಎರಡನೆಯ ಬಗೆಯದು. ಮುಂದಿನ ಸರದಿಗೆ ಏನು ಬೇಕಾದರೂ ಕೇಳಬಹುದು, ಈ ಎರಡು ವಾರ ಮಾತ್ರ ಒಪ್ಪಿಕೊಂಡದ್ದನ್ನು ಕದಲಿಸುವಂತಿಲ್ಲ. ಎಫ್‌ಬಿಐಯ ಮುಂದಿನ ಕಥೆಯೇ ಸಾಕ್ಷಿ. ಕೈಬಿಟ್ಟದ್ದರ ಬದಲಿಗೆ 2006ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ವಹಿಸಿದ ಸೆಂಟಿನೆಲ್ ಕೂಡ ತಡವರಿಸಿತು. 2010ರಲ್ಲಿ ಸಂಸ್ಥೆ ಅದನ್ನು ತನ್ನ ಕೈಗೆ ತೆಗೆದುಕೊಂಡು, ಸಣ್ಣ ತಂಡ ಮಾಡಿ, ಕೆಲಸವನ್ನು ಎರಡೆರಡು ವಾರಗಳ ತುಂಡುಗಳಾಗಿ ಕತ್ತರಿಸಿತು. 2012ರ ಜುಲೈನಲ್ಲಿ ಅದು ಬಳಕೆಗೆ ಬಂತು. ಏಜೆಂಟರ ಇಚ್ಛೆಗಳೇನೂ ಕಡಿಮೆಯಾಗಿರಲಿಲ್ಲ. ಅವು ಸರದಿಯಲ್ಲಿ ನಿಲ್ಲಬೇಕಾಯಿತು, ಅಷ್ಟೆ.

ಎಲ್ಲ ತಪ್ಪನ್ನೂ ಬಳಕೆದಾರರ ತಲೆಗೆ ಕಟ್ಟುತ್ತಿದ್ದೀರಿ ಎಂದರೆ ಅದು ಸಲ್ಲದ ಆರೋಪ. ವರ್ಚುವಲ್ ಕೇಸ್ ಫೈಲ್‌ನಲ್ಲಿ ವಿವಾದಕ್ಕೊಳಗಾದ 59 ದೋಷಗಳನ್ನು ಪರಿಶೀಲಿಸಿದ ಮಧ್ಯಸ್ಥರು, 19 ಎಫ್‌ಬಿಐ ಬೇಡಿಕೆ ಬದಲಿಸಿದ್ದರಿಂದ ಆದವು, 40 ಕಟ್ಟಿದವರದೇ ತಪ್ಪು ಎಂದರು. ಲೆಕ್ಕ ನನ್ನ ವಾದಕ್ಕೆ ವಿರುದ್ಧವಾಗಿ ಕಾಣಬಹುದು. ಆದರೆ ತಳಪಾಯವೇ ದಿನಾ ಸರಿಯುತ್ತಿರುವಾಗ ಗೋಡೆ ಸೊಟ್ಟಗಾದದ್ದು ಯಾರ ಪಾಲಿನ ತಪ್ಪು ಎಂದು ಪೂರ್ತಿ ಬಿಡಿಸಿ ಹೇಳಲಾಗದು. ಕಟ್ಟುವವರಿಗೂ ಇಚ್ಛೆಗಳಿವೆ ಎಂಬುದೂ ಅಷ್ಟೇ ನಿಜ. ಐಬಿಎಂನಲ್ಲಿ ದೊಡ್ಡ ತಂತ್ರಾಂಶ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಗುರುತಿಸಿದ್ದರು: ಮೊದಲ ವ್ಯವಸ್ಥೆಯನ್ನು ಅಂಜುತ್ತ ಅಚ್ಚುಕಟ್ಟಾಗಿ ಕಟ್ಟಿದವನು, ಆಗ ಬದಿಗಿಟ್ಟ ಅಲಂಕಾರಗಳನ್ನೆಲ್ಲ ಎರಡನೆಯದರಲ್ಲಿ ತುಂಬಿ ಕೆಡಿಸುತ್ತಾನೆ.

ನನಗೆ ಸುಲಭದ ಉತ್ತರ ಸಿಗದ ಆಕ್ಷೇಪ ಒಂದಿದೆ. ಶ್ರಾವಕ ಮಿತಿಯನ್ನು ತನಗೆ ತಾನೇ ಹಾಕಿಕೊಳ್ಳುತ್ತಾನೆ. ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹಾಕುತ್ತಾರೆ. ಅಧಿಕಾರವಿರುವವನು ತನ್ನ ಬೇಡಿಕೆಯನ್ನು ಅಗತ್ಯವೆಂದೂ ಕೆಳಗಿನವರ ಅಗತ್ಯವನ್ನು ಬೇಡಿಕೆಯೆಂದೂ ಕರೆದುಬಿಡಬಹುದು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೋಡಿ. ಸುಮಾರು ಎರಡು ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರು. ಈ ಶತಮಾನದ ಆರಂಭದಲ್ಲಿ ಅದು ದಡ ಮುಟ್ಟಿದ್ದಕ್ಕೆ ದೊಡ್ಡ ಕಾರಣ, ಏನನ್ನು ಮಾಡುವುದಿಲ್ಲ ಎಂಬ ನಿರ್ಧಾರ. ಮರುಮೋಜಣಿ ಇಲ್ಲ, ನಕ್ಷೆ ಇಲ್ಲ, ಒಡೆತನದ ವ್ಯಾಜ್ಯಗಳ ಇತ್ಯರ್ಥ ಇಲ್ಲ. ಕೈಬರಹದ ದಾಖಲೆಯಲ್ಲಿ ಇದ್ದದ್ದನ್ನು ಇದ್ದಂತೆ ಏರಿಸುವುದು, ಖಾತೆ ಬದಲಾವಣೆಯನ್ನು ಕಂಪ್ಯೂಟರಿನಲ್ಲೇ ನಡೆಸುವುದು. 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗತೊಡಗಿತು, ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು. ಎಲ್ಲವನ್ನೂ ಸರಿಪಡಿಸಿಯೇ ಶುರುಮಾಡೋಣ ಎಂದಿದ್ದರೆ ಅದು ಇವತ್ತಿಗೂ ಶುರುವಾಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಆದರೆ ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಾಗಿ ದಾಖಲಾಗಿದ್ದ ರೈತನಿಗೆ ಆ ಮಿತಿಯ ಅರ್ಥವೇ ಬೇರೆ. ಅವನ ತಪ್ಪು ಹೆಸರು ಈಗ ಕಂಪ್ಯೂಟರಿನ ಮುದ್ರೆಯೊಂದಿಗೆ ಬಂತು, ತಿದ್ದಿಸಲು ಅವನೇ ತಹಶೀಲ್ದಾರರ ಕಚೇರಿಗೆ ಅಲೆಯಬೇಕಾಯಿತು. ಬಾಯಿಮಾತಿನ ಗೇಣಿಗೆ ಉಳುತ್ತಿದ್ದವನು ಹಳೆಯ ಪುಸ್ತಕದಲ್ಲೂ ಇರಲಿಲ್ಲ, ಹೊಸದರಲ್ಲೂ ಬರಲಿಲ್ಲ. ಮಿತಿ ಹಾಕಿದ್ದು ಸರಿ ಎಂದೇ ನಾನು ಈಗಲೂ ಹೇಳುತ್ತೇನೆ. ಆದರೆ ಶ್ರಾವಕನ ವ್ರತದಲ್ಲಿ ಬಿಟ್ಟದ್ದರ ನಷ್ಟ ಬಿಟ್ಟವನಿಗೇ ತಟ್ಟುತ್ತದೆ. ಇಲ್ಲಿ ಎಲ್ಲೆ ಎಳೆದವರು ಒಬ್ಬರು, ಎಲ್ಲೆಯ ಹೊರಗುಳಿದವರು ಇನ್ನೊಬ್ಬರು. ಹೊರಗುಳಿದವರಿಗೆ ಅವರು ಹೊರಗಿದ್ದಾರೆಂದೂ ಅವರ ಸರದಿ ಯಾವಾಗ ಎಂದೂ ಹೇಳುವ ಹೊಣೆ ಎಲ್ಲೆ ಎಳೆದವರದು. ತಂತ್ರಾಂಶ ಯೋಜನೆಗಳ ಕಡತಗಳಲ್ಲಿ ಆ ಪುಟ ಸಾಮಾನ್ಯವಾಗಿ ಇರುವುದಿಲ್ಲ.